ತಾರಸಿ ತೋಟದ ಬಾವಿ

ನಲವತ್ತೊಂದು ಮಹಡಿಯ ಆ ಕಟ್ಟಡದ ತಾರಸಿಯಲ್ಲಿ ಎಲ್ಲರಿಗೂ ತೆರೆದ ತೋಟವೊಂದಿತ್ತು. ಅಲ್ಲಿನ ಗಿಡಗಳನ್ನು ನೋಡಿಕೊಳ್ಳುತ್ತಿದ್ದವಳು ಸುಲಭಕ್ಕೆ ಹೆದರುವ ಹೆಂಗಸಲ್ಲ; ಗಾಳಿ ಬೀಸಿದಾಗ ಇಡೀ ಕಟ್ಟಡ ಕೂದಲೆಳೆಯಷ್ಟು ತೂಗುವುದು ಅವಳ ಕಾಲಿಗೆ ಎಂದೋ ರೂಢಿಯಾಗಿತ್ತು. ಅಲ್ಲಿದ್ದ ಮಣ್ಣು ಎರಡೇ ಅಡಿ. ಅದರ ಕೆಳಗೆ ನೀರು ಬಸಿಯುವ ಹಾಸು, ಆಮೇಲೆ ಕಾಂಕ್ರೀಟು, ಅದರಡಿ ಯಾವುದೋ ವಿಮಾ ಕಚೇರಿ.

ಒಂದು ಬೆಳಿಗ್ಗೆ ತೇವ ನೋಡಲೆಂದು ಮೂಲೆಯ ಪಾತಿಗೆ ಕಬ್ಬಿಣದ ಸರಳು ಚುಚ್ಚಿದಳು. ನಾಲ್ಕಡಿಯ ಸರಳು ಸರ್ರನೆ ಹಿಡಿಯವರೆಗೂ ಇಳಿಯಿತು. ಬೆರಳು ಸಡಿಲಿಸಿದ್ದೇ ತಡ, ಕೈಯಿಂದ ಜಾರಿ ಹೋಯಿತು. ಅವಳು ತೂತಿನ ಮೇಲೆ ಬಗ್ಗಿ ಕಾದಳು. ಸ್ವಲ್ಪ ಹೊತ್ತಿಗೆ ಕೆಳಗೆಲ್ಲೋ ಗುಳಕ್ ಎಂದಿತು.

ಕಟ್ಟಡದ ಇಂಜಿನಿಯರ್ ಬಂದ. ವಿಮಾ ಕಚೇರಿಯ ಚಾವಣಿಯನ್ನು ಏಣಿ ಹತ್ತಿ ನೋಡಿಬಂದ. ಒಂದು ಬಿರುಕೂ ಇರಲಿಲ್ಲ. ತೂತಿಗೆ ಅಳತೆಪಟ್ಟಿ ಇಳಿಬಿಟ್ಟ. ಮೂವತ್ತಡಿ ಹೋಯಿತು. ಮೇಲೆಳೆದಾಗ ಕೊನೆಯ ಮೂರಡಿ ತೊಯ್ದಿತ್ತು.

"ಪಟ್ಟಿ ಒಳಗೆಲ್ಲೋ ಸುತ್ತಿಕೊಂಡಿರ್ಬೇಕಮ್ಮ," ಎಂದ. ಮುಖ ಮಾತ್ರ ಸುಣ್ಣದ ಹಾಗಾಗಿತ್ತು.

"ಸುತ್ತಿಕೊಂಡ್ರೆ ಒದ್ದೆ ಯಾಕಾಗುತ್ತೆ ಸಾರ್?"

ಅವನು ಪಟ್ಟಿ ಒರೆಸಿ ಸುತ್ತಿಟ್ಟುಕೊಂಡ.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು. ಆ ಕಟ್ಟಡ ಏಳುವ ಮೊದಲು ಅಲ್ಲೊಂದು ಓಣಿಯಿತ್ತು. ಅತ್ತೆ ಇಪ್ಪತ್ತು ವರ್ಷ ಬಾಳಿದ್ದು ಅಲ್ಲೇ. "ನನ್ನ ಒಂದ್ಸಲ ಕರ್ಕೊಂಡು ಹೋಗೇ," ಎಂದರು.

ಮರುದಿನ ಲಿಫ್ಟಿನಿಂದ ಹೊರಬಂದ ಅತ್ತೆ ದಾರಿ ಕೇಳಲಿಲ್ಲ. ಹೂಗಿಡಗಳ ನಡುವೆ ಎಡಕ್ಕೆ ತಿರುಗಿ, ಯಾರದೋ ಮನೆಯ ಮೆಟ್ಟಿಲು ಎಡವದ ಹಾಗೆ ಬರಿಗಾಳಿಯಲ್ಲಿ ಕಾಲೆತ್ತಿ ಇಟ್ಟು, ನೆಟ್ಟಗೆ ಆ ಪಾತಿಯ ಮುಂದೆ ನಿಂತರು.

"ಇದೇ ನಮ್ಮ ಬಾವಿ. ಮುಚ್ಚಬೇಡಿ ಅಂತ ಎಷ್ಟು ಬೇಡಿಕೊಂಡ್ವಿ. ಲಾರಿಗಟ್ಟಲೆ ಮಣ್ಣು ಸುರಿದ್ರು."

"ಅದು ನೆಲದಲ್ಲಿತ್ತಲ್ಲ ಅತ್ತೆ. ನಾವಿರೋದು ಆಕಾಶದಲ್ಲಿ."

"ಅದೆಲ್ಲ ಬಾವಿಗೇನು ಗೊತ್ತು, ಪಾಪ."

ಅತ್ತೆ ಮಂಡಿಯೂರಿ ತೂತಿಗೆ ಕಿವಿಗೊಟ್ಟರು. ಮೊದಮೊದಲು ಪರಿಚಯದವರ ದನಿ ಕೇಳಿದಂತೆ ಮುಖ ಅರಳಿತು. ಆಮೇಲೆ ಬಾಡಿತು.

"ಏಳು, ಮನೆಗೆ ಹೋಗೋಣ."

"ಏನು ಕೇಳಿಸ್ತು?"

"ಹಗ್ಗದ ಸದ್ದು. ನೀರು ಸೇದ್ತಿದಾರೆ. ಮೇಲಕ್ಕಲ್ಲ ಕಣೇ, ಕೆಳಕ್ಕೆ." ಸೊಸೆಯ ರಟ್ಟೆ ಹಿಡಿದ ಅವರ ಕೈ ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಸಡಿಲಲಿಲ್ಲ.

ಆ ವಾರವೆಲ್ಲ ಇಂಜಿನಿಯರ್ ಚೀಲ ಚೀಲ ಮಣ್ಣು ಹಾಕಿಸಿದ. ತೂತು ತುಂಬಲಿಲ್ಲ. ಕೊನೆಗೆ ಕಲ್ಲುಚಪ್ಪಡಿ ಎಳೆಸಿ, ಮೇಲೊಂದು ಬೆಂಚು ಹಾಕಿಸಿ ಕೈತೊಳೆದುಕೊಂಡ. ಈಗ ಜನ ಅಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಏಳುವಾಗ ಮಾತ್ರ, ಎಂಥ ತಂಪಿನ ದಿನವಾದರೂ, ಒಬ್ಬೊಬ್ಬರೂ ವಿಪರೀತ ಬಾಯಾರಿಕೆ ಎನ್ನುತ್ತಾರೆ.

ಅವಳು ಕೆಳಗಿನ ಬೀದಿಯ ಪಾರ್ಕಿಗೆ ವರ್ಗ ಕೇಳಿದಳು. ಅರ್ಜಿಯಲ್ಲಿ ಕಾರಣದ ಮುಂದೆ ಮಂಡಿನೋವು ಎಂದು ಬರೆದಳು.

"ಲಿಫ್ಟ್ ಇದೆಯಲ್ಲಮ್ಮ," ಎಂದ ಮ್ಯಾನೇಜರ್. ಆದರೂ ಅವಳ ಮುಖ ನೋಡಿ ಸಹಿ ಹಾಕಿಕೊಟ್ಟ.