ಎಡಚನ ಗೋಡೆ

"ಅಪ್ಪಾ, ಯಾರಾದ್ರೂ ಕೇಳಿದ್ರೆ ಕಂಟ್ರಾಕ್ಟರ್ ಅಂತ ಹೇಳಿ. ಕೈ ಜೇಬಲ್ಲೇ ಇರ್ಲಿ," ಎಂದು ಬಸ್ಸಿನಿಂದ ಇಳಿಯುವಾಗ ಮಗಳು ಪಿಸುಗುಟ್ಟಿದಳು. ಅವಳ ಬ್ಯಾಂಕಿನವರೆಲ್ಲ ಮನೆಮಂದಿಯ ಜೊತೆ ಕಡಲತೀರದ ಹಳೆಯ ಕೋಟೆಗೆ ಪ್ರವಾಸ ಬಂದಿದ್ದರು. ಕೆಲಸಕ್ಕೆ ಸೇರಿದ ದಿನ ಆಡಿದ ಸುಳ್ಳನ್ನು ಅವಳು ಮೂರು ವರ್ಷದಿಂದ ಸಾಕಿಕೊಂಡು ಬಂದಿದ್ದಳು.

"ಆಗ್ಲಿ ಬಿಡಮ್ಮ," ಎಂದರು ಅಪ್ಪ. ನಲವತ್ತು ವರ್ಷದ ಗಾರೆ ಕೆಲಸದಲ್ಲಿ ಸುಣ್ಣದಿಂದ ಸುಟ್ಟು ಬಿರುಕುಬಿಟ್ಟ ಬೆರಳುಗಳು ಜೇಬು ಸೇರಿದವು. ಬೇಜಾರಾಗಲಿಲ್ಲವೇ? ಆಯಿತು. ಮಗಳಲ್ಲವೇ, ನುಂಗಿಕೊಂಡರು.

ಆದರೆ ಕೋಟೆಬಾಗಿಲು ದಾಟಿದ್ದೇ ತಡ, ಬೇಜಾರು ಹಾರಿಹೋಯಿತು. ಅಬ್ಬಬ್ಬಾ! ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಲ್ಲುಹಾಸಿನ ಬೀದಿಗಳ ಊರು, ನಡುವೆ ಮೂರಾಳೆತ್ತರದ ಗೋಡೆ. ಮುನ್ನೂರು ವರ್ಷ ಉಪ್ಪುಗಾಳಿ ಬಡಿದರೂ ಗಾರೆ ಒಂದಿಷ್ಟೂ ಜಗ್ಗಿರಲಿಲ್ಲ.

"ಇದನ್ನ ಕಟ್ಟಿದ್ದು ಹಡಗಲ್ಲಿ ಬಂದ ಗವರ್ನರ್," ಎಂದ ಗೈಡ್.

"ಒಬ್ನೇನಾ?" ಎಂದುಬಿಟ್ಟರು ಅಪ್ಪ. ಎಲ್ಲರೂ ನಕ್ಕರು. ಮಗಳು ತಲೆ ತಗ್ಗಿಸಿದಳು.

ಒಂದು ತಿರುವಿನಲ್ಲಿ ಅಪ್ಪ ನಿಂತೇಬಿಟ್ಟರು. ಅಲ್ಲಿಯವರೆಗೆ ಒಂದು ಕಡೆಗೆ ಬಾಗಿದ್ದ, ಗಾರೆ ಬಳಿದ ಕರಣೆಯ ಗೀರುಗಳು ಅಲ್ಲಿಂದಾಚೆ ಇನ್ನೊಂದು ಕಡೆಗೆ ಬಾಗಿದ್ದವು. ಪಕ್ಕದಲ್ಲೇ, ಹಸಿಗಾರೆಯ ಹದ ನೋಡಲು ಯಾರೋ ಒತ್ತಿದ ಮೂರು ಬೆರಳ ಗುರುತು. ಅಪ್ಪನ ಕೈ ತಾನಾಗಿ ಹೊರಬಂತು. ಮೂರು ಬೆರಳೂ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಅವರ ಕಣ್ಣು ತುಂಬಿತು.

"ಏನ್ ಸಾರ್ ಅದು? ಗೋಡೆ ವಿಚಾರ ನಿಮಗೆ ಗೊತ್ತಾ?" ಬ್ಯಾಂಕಿನ ಮ್ಯಾನೇಜರಮ್ಮ ಹತ್ತಿರ ಬಂದರು.

"ಏನಿಲ್ಲಮ್ಮ, ಸುಮ್ನೆ ನೋಡ್ದೆ." ಅಪ್ಪ ಗಡಬಡಿಸಿ ಕೈಯನ್ನು ಜೇಬಿಗೆ ತುರುಕಿದರು, ಕದ್ದು ಸಿಕ್ಕಿಬಿದ್ದವರ ಹಾಗೆ.

ಅದನ್ನು ನೋಡಿದ ಮಗಳು ಮುಂದೆ ಬಂದಳು.

"ಗೊತ್ತು ಮೇಡಂ. ನಮ್ಮಪ್ಪ ಗಾರೆ ಕೆಲಸದವರು. ಕಂಟ್ರಾಕ್ಟರ್ ಅಂತ ನಾನೇ ಸುಳ್ಳು ಹೇಳಿದ್ದೆ. ನೀವೆಲ್ಲ ಏನಂದ್ಕೋತೀರೋ ಅಂತ ಭಯ ಇತ್ತು." ಹೇಳುತ್ತಲೇ ಅವಳು ಅಪ್ಪನ ಕೈಯನ್ನು ಜೇಬಿನಿಂದ ಎಳೆದು ಹಿಡಿದುಕೊಂಡಳು. ಚಿಕ್ಕಂದಿನಲ್ಲಿ ರಸ್ತೆ ದಾಟಿಸುತ್ತಿದ್ದ ಅದೇ ಒರಟು ಕೈ. "ಹೇಳಿ ಅಪ್ಪಾ, ಏನು ಕಂಡ್ರಿ?"

ಅಪ್ಪ ಇನ್ನೊಂದು ಕೈಯಿಂದ ಬಾಗು ಬದಲಾದ ಗೀರುಗಳನ್ನು ತೋರಿಸಿದರು. "ಇಲ್ಲಿಂದಾಚೆ ಎಡಚನ ಕೆಲಸ ಕಣಮ್ಮ. ಎಂಥಾ ಕೈ ಅಂತೀಯ! ಸಿಕ್ಕಿದ್ರೆ ಕಾಲಿಗೆ ಬೀಳ್ತಿದ್ದೆ."

ಗೈಡ್ ಬಗ್ಗಿ ಗುರುತು ನೋಡಿದ. "ಹತ್ತು ವರ್ಷದಿಂದ ದಿನಾ ಇದರ ಮುಂದೇನೇ ಓಡಾಡ್ತೀನಲ್ರೀ! ಇನ್ನೂ ಏನೇನಿದೆ, ತೋರ್ಸಿ ಸಾರ್."

ಅಪ್ಪ ಒಂದು ಕೈಯಲ್ಲಿ ಗೋಡೆ ತೋರಿಸುತ್ತ ಮುಂದೆ ನಡೆದರು. ಇನ್ನೊಂದು ಕೈಯನ್ನು ಮಗಳು ಬಿಡಲೇ ಇಲ್ಲ.