ಬಳಗದ ದನಿ

ಪರದೇಶದ ಊರೊಂದರಲ್ಲಿ, ದ್ವಾರಕನಾಥರ ಕಾಂಡೋ ಫ್ಲ್ಯಾಟಿನಲ್ಲಿ, ಹೊಂಬೆಳಕು ಕನ್ನಡ ಬಳಗದ ಸಮಿತಿ ಸೇರಿತ್ತು. ಏಳು ಜನ, ಎರಡು ತಟ್ಟೆ ಮದ್ದೂರು ವಡೆ. ಮನೆಗೆಲಸದ ಹೆಂಗಸರಿಗೆ ವಾರಕ್ಕೊಂದು ರಜೆ ಕಡ್ಡಾಯವಾಗಬೇಕೆಂಬ ಮಾತು ಆ ವರ್ಷ, ೨೦೦೭ರಲ್ಲಿ, ಪತ್ರಿಕೆಗಳಲ್ಲಿ ಎದ್ದಿತ್ತು. ಅದು ಬೇಡವೆಂದು ಬಳಗದ ಹೆಸರಿನಲ್ಲಿ ಪತ್ರಿಕೆಗೆ ಪತ್ರ ಬರೆಯಬೇಕೆಂದು ಅಧ್ಯಕ್ಷ ದ್ವಾರಕನಾಥರ ಹಟ.

"ನಾವು ರಿಜಿಸ್ಟರ್ ಆಗಿರೋದು ಹಬ್ಬ, ನಾಟಕ ಮಾಡೋಕೆ," ಎಂದರು ಹಿರಿಯ ಸದಸ್ಯ ಅನಂತರಾಮ್. "ಪೊಲಿಟಿಕ್ಸ್ ಬೇಡ ಅಂತ ನಮ್ಮ ರೂಲ್ಸಲ್ಲೇ ಇದೆ."

"ಪೊಲಿಟಿಕ್ಸ್ ಏನು ಬಂತು ಸರ್, ಅಡುಗೆಮನೆ ವಿಷಯ," ಎಂದ ಸಾಗರ್. ಅವನದು ಚಾಂಗಿ ವಿಮಾನ ನಿಲ್ದಾಣದ ಬಳಿಯ ಬಿಸಿನೆಸ್ ಪಾರ್ಕಿನಲ್ಲಿ ಬ್ಯಾಂಕಿನ ಕೆಲಸ. "ನಾನೊಬ್ಬ ಬರೆದ್ರೆ ಯಾರು ಓದ್ತಾರೆ? ಬಳಗ ಬರೆದ್ರೆ ಇನ್ನೂರು ಮನೆ ಮಾತಾಡಿದ ಹಾಗೆ."

"ಇನ್ನೂರು ಮನೇನ ಕೇಳಿದ್ಯೇನಪ್ಪ?"

"ನಿಮ್ಮ ಮನೇಲಿ ಭಾನುವಾರ ಪಾತ್ರೆ ನೀವೇ ತೊಳೀತೀರಾ ಸರ್?"

ಎಲ್ಲರೂ ನಕ್ಕರು. ಅನಂತರಾಮರೂ ನಕ್ಕು ಇನ್ನೊಂದು ವಡೆ ತೆಗೆದುಕೊಂಡರು.

"ಇದು ಇಲ್ಲಿನ ಕನ್ನಡದವರೆಲ್ಲರ ದನಿ ಅಂತಾನೇ ಶುರು ಮಾಡೋಣ," ಎಂದರು ದ್ವಾರಕನಾಥ್.

"ಕೆಲಸದವರಿಗೇ ರಜಾ ಬೇಡ ಅಂತಾನೂ ಹಾಕಿ," ಎಂದರು ಅವರ ಹೆಂಡತಿ ಕಾಮಾಕ್ಷಿ. "ನಮ್ಮ ರೇಣುಕಾನ್ನೇ ಕೇಳಿ ಬೇಕಾದ್ರೆ. ಏನೇ, ನಿಂಗೆ ವಾರಾವಾರ ರಜಾ ಬೇಕಾ?"

ಗದಗಿನ ಕಡೆಯ ರೇಣುಕಾ ಆ ಮನೆಗೆ ಬಂದು ಹದಿನಾಲ್ಕು ತಿಂಗಳು. ತಮ್ಮ ಪ್ರಹ್ಲಾದ ಇದೇ ಊರಿನ ಸೆಂಬವಾಂಗಿನಲ್ಲಿ ಹಡಗಿನ ವೆಲ್ಡಿಂಗ್ ಮಾಡುತ್ತಿದ್ದ. ರಜೆಯೇ ಸಿಗದೆ ಅವಳು ಒಂದು ಸಲವೂ ಅವನ ಮುಖ ಕಂಡಿರಲಿಲ್ಲ. ಮುಂದಿನ ಬುಧವಾರ ಅವನು ಮೂರು ವರ್ಷಕ್ಕೆಂದು ಕತಾರಿಗೆ ಹೊರಟಿದ್ದ.

ಕಾಫಿ ತಟ್ಟೆ ಹಿಡಿದುಕೊಂಡೇ ಅವಳು, "ಬೇಕ್ರಿ ಅಕ್ಕಾರ," ಎಂದಳು.

ಆಮೇಲೆ ದ್ವಾರಕನಾಥರ ಕಡೆ ತಿರುಗಿದಳು.

"ಕನ್ನಡದವ್ರೆಲ್ಲರ ದನಿ ಅಂದ್ರಲ್ರಿ ಸಾಹೇಬ್ರು. ನಾನೂ ಕನ್ನಡದಾಕಿನ ಅದೀನ್ರಿ."

"ಮೆಂಬರ್‌ಶಿಪ್ ಫಾರಂ ತುಂಬಿದ್ದೀಯೇನಮ್ಮ?" ಎಂದ ಸಾಗರ್. ಮತ್ತೆ ನಗು.

ಕಾಮಾಕ್ಷಿ ನಗಲಿಲ್ಲ. ರೇಣುಕಾಳ ಹಿಂದೆಯೇ ಅಡುಗೆಮನೆಗೆ ಹೋಗಿ ಮೆತ್ತಗೆ ಹೇಳಿದರು: "ಈ ಭಾನುವಾರ ತಮ್ಮನ್ನ ನೋಡ್ಕೊಂಡು ಬಾ. ನನ್ನ ಫೋನಲ್ಲೇ ಅವನಿಗೆ ಹೇಳು. ಆ ಪತ್ರಕ್ಕೆ ನಿಂದೊಂದು ಸೈನ್ ಹಾಕ್ಬಿಡು, ಅಷ್ಟೆ."

"ಅದರಾಗ ಏನ್ ಬರದಾರ್ರಿ?"

"ನೀನಿಲ್ಲಿ ಚೆನ್ನಾಗಿದ್ದೀಯ ಅಂತ."

ರೇಣುಕಾ ಸಹಿ ಹಾಕಿ, ಭಾನುವಾರ ಬರುತ್ತೇನೆಂದು ತಮ್ಮನಿಗೆ ಫೋನ್ ಮಾಡಿದಳು. ಸಾಗರ್ ಅವಳದೊಂದು ಫೋಟೋ ತೆಗೆದುಕೊಂಡ.

ಶುಕ್ರವಾರ ಇಂಗ್ಲಿಷ್ ಪತ್ರಿಕೆಯಲ್ಲಿ ಪತ್ರ ಬಂತು. ಜೊತೆಗೆ ಅವಳ ಫೋಟೋ. ತನಗೂ ಗೆಳತಿಯರಿಗೂ ರಜೆಯ ಆಸೆಯಿಲ್ಲ ಎಂದು ಅವಳೇ ಹೇಳಿದಂತೆ ಎರಡು ಸಾಲು. ಮೆಚ್ಚುಗೆಯ ಕರೆಗಳಿಂದ ದ್ವಾರಕನಾಥರ ಫೋನು ದಿನವಿಡೀ ಬಿಡುವಿಲ್ಲದೆ ಬಡಿದುಕೊಂಡಿತು.

ಭಾನುವಾರ ರೇಣುಕಾ ಜೋಳದ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಗೆ ತುಂಬಿ, ಸೀರೆಯುಟ್ಟು ಬಾಗಿಲಿಗೆ ಬಂದಳು.

"ಎಲ್ಲಿಗೆ?" ಎಂದರು ಕಾಮಾಕ್ಷಿ.

"ತಮ್ಮನ ಕಡೆ ಹೋಗಂದಿದ್ರಲ್ರಿ."

"ರಜಾ ಬೇಡ ಅಂತ ಪೇಪರಲ್ಲಿ ನೀನೇ ಹೇಳಿದ್ದೀಯ. ಎಂಆರ್‌ಟಿ ರೈಲಲ್ಲಿ ಯಾರಾದ್ರೂ ನಿನ್ನ ನೋಡಿದ್ರೆ? ಬಳಗ ಸುಳ್ಳು ಹೇಳ್ತು ಅಂತಾಗಲ್ವಾ?"

"ನೀವ ಮಾತು ಕೊಟ್ಟಿದ್ರಿ ಅಕ್ಕಾರ."

"ಕೊಟ್ಟಿದ್ದೆ ಕಣೇ. ಈಗ ಇದು ಬಳಗದ ಮಾತು, ನಾನೊಬ್ಬಳು ಏನ್ ಮಾಡ್ಲಿ ಹೇಳು." ಡಬ್ಬಿಯ ಮುಚ್ಚಳ ತೆಗೆದು ನೋಡಿದರು. "ಪರವಾಗಿಲ್ಲ, ವೇಸ್ಟ್ ಆಗಲ್ಲ. ಮಧ್ಯಾಹ್ನ ಅನಂತರಾಮ್ ಅಂಕಲ್ ಊಟಕ್ಕೆ ಬರ್ತಾರೆ. ಸೀರೆ ಬದಲಾಯಿಸ್ಕೊಂಡು ಬಾ."

ಸೆಂಬವಾಂಗ್ ಸ್ಟೇಷನ್ನಿನ ಗೇಟಿನ ಮುಂದೆ ಪ್ರಹ್ಲಾದ ಸಂಜೆ ನಾಲ್ಕರವರೆಗೂ ನಿಂತಿದ್ದ.