ಹೂಂಗುಟ್ಟುವವರು ಬೇಕಾಗಿದ್ದಾರೆ

ಸತ್ಯಭಾಮಜ್ಜಿಯ ಕಥೆಗಳಿಗೆ ಇದ್ದದ್ದು ಒಂದೇ ಕಾಯಿದೆ. ಕೇಳುವವರು ಹೂಂ ಅನ್ನಬೇಕು. ಒಂದೂರಲ್ಲಿ ಒಬ್ಬ ರಾಜ ಇದ್ದ, ಹೂಂ. ಕುದುರೆ ಇಳಿದ, ಹೂಂ. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ರಾಜ ಒಂದು ಕಾಲು ಕುದುರೆ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟುಕೊಂಡು ಮಾರನೇ ದಿನದವರೆಗೂ ಹಾಗೇ ನಿಂತಿರಬೇಕು. ಚಿಕ್ಕವಳಿದ್ದಾಗ ಸುರಭಿಗೆ ಅಂಥ ರಾಜರ ಮೇಲೆ ಕನಿಕರ ಬಂದು, ಹಾಸಿಗೆಯಲ್ಲಿ ಒಬ್ಬಳೇ ಹೂಂ ಹೂಂ ಅಂದುಕೊಂಡು ಅವರನ್ನು ಇಳಿಸುತ್ತಿದ್ದಳು.

ಈಗ ಸುರಭಿ ಜಯನಗರದಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸದಲ್ಲಿದ್ದಳು. ಬನಶಂಕರಿ ಎರಡನೇ ಹಂತದ ಬಾಡಿಗೆ ಮನೆಯ ಮಹಡಿಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ಕೆಳಗೆ ಓನರ್ ಲಕ್ಷ್ಮಮ್ಮ. ಆ ಬೀದಿಯೆಲ್ಲ ಅವರೆಕಾಯಿ ಹೊಲವಾಗಿದ್ದ ಕಾಲವನ್ನು ಕಂಡವರು.

ಒಂದು ಸಲ ಸುರಭಿ, ಅಜ್ಜಿ ಹೇಳುತ್ತಿದ್ದ ಹೊಸ ಕಥೆಯನ್ನು ರೆಕಾರ್ಡ್ ಮಾಡಿ, ತುಂಡು ತುಂಡಾಗಿ ಫೋನಿನ ಆ್ಯಪ್ ಒಂದಕ್ಕೆ ಹಾಕಿದಳು. ಅದು ಗಾಳಿ ಮಾರುವ ಮುದುಕಿಯ ಕಥೆ. ಮುಂಗಾರಿನ ಗಾಳಿಯನ್ನು ಹಂಡೆಯಲ್ಲಿ, ಸಂಜೆಯ ತಂಗಾಳಿಯನ್ನು ಕುಡಿಕೆಯಲ್ಲಿ, ತೊಟ್ಟಿಲ ಮಗುವಿಗೆ ನಿದ್ದೆ ತರಿಸುವ ಗಾಳಿಯನ್ನು ಪುಟ್ಟ ಗಿಂಡಿಯಲ್ಲಿ ಹಿಡಿದು ಸಂತೆಯಲ್ಲಿ ಮಾರುತ್ತಿದ್ದಳಂತೆ.

"ಎಷ್ಟು ಜನ ಕೇಳಿದ್ರೇ?" ಅಂದರು ಅಜ್ಜಿ.

"ಹನ್ನೆರಡು ಸಾವಿರ ಅಜ್ಜಿ."

"ಹೂಂ ಅಂದೋರು?"

"ಅದರಲ್ಲಿ ಹೂಂ ಅನ್ನೋಕಾಗಲ್ಲ. ಹಾರ್ಟ್ ಒತ್ತುತಾರೆ."

"ಕಥೆ ಮುಗಿಯೋಕೆ ಮುಂಚೇನೇ ಒತ್ತಬಹುದಾ?"

"ಒತ್ತಬಹುದು."

"ಹಾಗಾದ್ರೆ ಅದು ಹೂಂ ಅಲ್ಲ ಕಣೇ. ಬಸ್ಸಲ್ಲಿ ಕೂತು ಗುಡಿ ಕಡೆ ಕೈ ಮುಗಿಯೋದು."

ಅಷ್ಟು ಹೇಳಿ ಅಜ್ಜಿ ಕಥೆ ನಿಲ್ಲಿಸಿಬಿಟ್ಟರು. ನಿಲ್ಲಿಸಿದ್ದಾದರೂ ಎಲ್ಲಿ! ಊರಿನ ರಾಜ ಗಾಳಿಯ ಮಡಕೆಗಳನ್ನೆಲ್ಲ ಕೊಂಡು ನೆಲಮಾಳಿಗೆಗೆ ಬೀಗ ಜಡಿದಿದ್ದ. ಊರಲ್ಲಿ ಒಂದೆಲೆ ಅಲ್ಲಾಡುತ್ತಿರಲಿಲ್ಲ. ಮುದುಕಿಯ ಮೊಮ್ಮಗಳು ಬೀಗದಕೈ ಹಿಡಿದು ಅರಮನೆಯ ಬಾಗಿಲ ತನಕ ಬಂದಿದ್ದಳು.

"ನಾನು ಹೂಂ ಅಂತೀನಲ್ಲ ಅಜ್ಜಿ, ಹೇಳು."

"ನೀನೊಬ್ಬಳೇ ಅಂದ್ರೆ ಅದು ಕಥೆ ಆಗಲ್ಲ, ಮನೆ ಮಾತಾಗತ್ತೆ. ಜಗಲಿ ತುಂಬ ಹೆಂಗಸರು ಅವರೆಕಾಳು ಹಿಸುಕ್ತಾ ಕೂತಿರೋರು, ನಾಲ್ಕು ಮೂಲೆಯಿಂದ ಹೂಂ ಬರೋದು. ಹಾಗೆ ಬಂದ್ರೆ ಮುಂದಿಂದು. ಇಲ್ದಿದ್ರೆ ಕಥೆನ ಗಂಟು ಕಟ್ಟಿ ಅಟ್ಟಕ್ಕೆ ಹಾಕೋದೇ."

ಆ ಕಥೆಯ ಕೊನೆ ಸುರಭಿಗೂ ಗೊತ್ತಿರಲಿಲ್ಲ. ಬೀಗದಕೈ ಹಿಡಿದ ಹುಡುಗಿ ಮೆಟ್ರೋದಲ್ಲಿ, ಆಫೀಸಿನಲ್ಲಿ, ಅನ್ನಕ್ಕೆ ಸಾರು ಕಲಸುವಾಗ, ಎಲ್ಲೆಂದರಲ್ಲಿ ಕಣ್ಣೆದುರು ಬಂದು ನಿಲ್ಲತೊಡಗಿದಳು. ತಡೆಯಲಾರದೆ ಸುರಭಿ ತನ್ನದೇ ಒಂದು ವೆಬ್‌ಸೈಟ್ ಕಟ್ಟಲು ಕೂತಳು. ಬೇರೆಯವರ ಆ್ಯಪ್‌ನಲ್ಲಿ ಅವರು ಇಟ್ಟಿದ್ದೇ ಬಟನ್. ಸ್ವಂತ ಜಗಲಿಯಾದರೆ ಕಾಯಿದೆ ಅಜ್ಜಿಯದು. ನೋಡಿ ನೋಡಿ ಕಲಿತಳು, ಕೆಡಿಸಿದಳು, ಮತ್ತೆ ಕಟ್ಟಿದಳು. ಅಜ್ಜಿ ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಕಥೆ ನಿಲ್ಲುವಂತೆ ಮಾಡಿದಳು. ಕೇಳುವವರು ಬಾಯಿಬಿಟ್ಟು ಏನಾದರೂ ಅಂದರೆ ಮಾತ್ರ ಮುಂದಕ್ಕೆ. ಅಂದದ್ದೆಲ್ಲ ಒಂದು ಕಡೆ ಕೂಡಿಕೊಳ್ಳುತ್ತಿತ್ತು, ಭಾನುವಾರ ಸಂಜೆ ಅಜ್ಜಿಗೆ ಕೇಳಿಸಲು.

ಚಿಕ್ಕಪ್ಪನ ಮಗ ಸೀನು ಬಿಟಿಎಂ ಲೇಔಟಿನಿಂದ ಬಂದವನು ನೋಡಿ ನಕ್ಕ. "ಲೇ, ಜನಕ್ಕೆ ಸ್ಕಿಪ್ ಬಟನ್ ಒತ್ತೋಕೇ ಪುರುಸೊತ್ತಿಲ್ಲ. ನೀನು ಬಾಯಿಬಿಟ್ಟು ಹೂಂ ಅನ್ಸ್ತೀನಿ ಅಂತೀಯಲ್ಲ, ಸಖತ್ ಧೈರ್ಯ ಗುರು ನಿಂದು."

ಸುರಭಿ 'ಹೂಂಗುಟ್ಟುವವರು ಬೇಕಾಗಿದ್ದಾರೆ' ಅಂತ ಚೀಟಿ ಬರೆದು, ಕೆಳಗೆ ವೆಬ್‌ಸೈಟಿನ ವಿಳಾಸ ಹಾಕಿ, ನಾಲ್ಕನೇ ಬ್ಲಾಕಿನ ಕಾಫಿ ಹೋಟೆಲಿನಲ್ಲಿ, ಹೂವಿನ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನ ಹತ್ತಿರ ಕೇಳಿ ಕೇಳಿ ಅಂಟಿಸಿದಳು. ಜೆ.ಪಿ. ನಗರದ ದೇವರಾಜ್ ಎಂಬವರು ತಮ್ಮ ಬಡಾವಣೆಯ ಮರಗಳ ಬಗ್ಗೆ ಒಂದು ಪುಟ್ಟ ವೆಬ್‌ಸೈಟ್ ನಡೆಸುತ್ತಿದ್ದರು. 'ನಮ್ಮ ಪಕ್ಕದ ಮನೆ' ಅಂತ ಅವರು ಇವಳದ್ದಕ್ಕೆ ಲಿಂಕ್ ಹಾಕಿದರು, ಇವಳು ಅವರದ್ದಕ್ಕೆ ಹಾಕಿದಳು.

ಮೊದಲನೇ ಭಾನುವಾರ ಬಂದಿದ್ದು ಎರಡು ಹೂಂ. ಒಂದು ಸುರಭಿಯೇ ಪರೀಕ್ಷೆಗೆ ಅಂದದ್ದು. ಇನ್ನೊಂದು ಲಕ್ಷ್ಮಮ್ಮನದು.

"ಲಕ್ಷ್ಮಮ್ಮ ಕಿಟಕೀಲೇ ಹೂಂ ಅಂತಾರೆ. ಅದಕ್ಕೆ ಇಂಟರ್ನೆಟ್ ಬೇಕಾ?" ಅಂದರು ಅಜ್ಜಿ. "ಇನ್ನೊಂದು ವಾರ ನೋಡೋಣ. ಆಮೇಲೆ ಅಟ್ಟ."

ಸುರಭಿಯ ಮುಖ ಬಾಡಿದ್ದನ್ನು ಅವತ್ತು ಬಂದಿದ್ದ ಸೀನು ನೋಡಿದ. ಚಪ್ಪಲಿ ಮೆಟ್ಟಿಕೊಂಡು ಬೇಗನೆ ಮನೆಗೆ ಹೊರಟ.

ಎರಡನೇ ಭಾನುವಾರ ಸುರಭಿ ತೆರೆದು ನೋಡಿದರೆ ನಾಲ್ಕುನೂರು ಚಿಲ್ಲರೆ ಹೂಂ! ಅವಳ ಕಾಲು ನೆಲದ ಮೇಲಿರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಕೇಳಿ, ತಲೆ ಓರೆ ಮಾಡಿ, "ಎಲ್ಲ ಒಂದೇ ತಾಯಿ ಮಕ್ಕಳ ಹಾಗಿದಾವಲ್ಲೇ," ಅಂದರು. ಆದರೂ ಕೊಟ್ಟ ಮಾತು ಮಾತೇ. ಕಥೆ ಮುಂದುವರಿಸಿದರು. ಸುರಭಿ ಒಂದು ಕಣ್ಣು ರೆಕಾರ್ಡಿಂಗಿನ ಮೇಲೆ, ಇನ್ನೊಂದು ಏರುತ್ತಿದ್ದ ಸಂಖ್ಯೆಯ ಮೇಲೆ ಇಟ್ಟು ಕೂತಿದ್ದಳು.

"ಬಾಗಿಲಲ್ಲಿ ಕಾವಲಿಗೆ ಒಂದು ಆನೆ ಇತ್ತು."

"ಹೂಂ."

"ಹುಡುಗಿ ಕಾಲಿನ ಸಪ್ಪಳ ಕೇಳಿ ಹೆದರಿಬಿಡ್ತು. ಸರಸರ ಅಂತ ತೆಂಗಿನ ಮರ ಹತ್ತಿ ಕೂತ್ಕೊಳ್ತು."

"ಹೂಂ," ಅಂದಳು ಸುರಭಿ.

ಅಜ್ಜಿ ಅವಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ, "ಇವತ್ತಿಗೆ ಸಾಕು," ಅಂದರು.

ಮೂರನೇ ಭಾನುವಾರ ಸೀನುವೂ ಬಂದಿದ್ದ. ಹೂಂಗಳ ರಾಶಿ ಇನ್ನೂ ದೊಡ್ಡದಾಗಿತ್ತು. "ಆನೆ ಇದೆಯಲ್ಲ, ಆ ಜಾಗ ಹಾಕು," ಅಂದರು ಅಜ್ಜಿ. ಹಾಕಿದಳು. ಆನೆ ತೆಂಗಿನ ಮರ ಹತ್ತಿತು. ಹೂಂ, ಹೂಂ, ಹೂಂ, ಹೂಂ.

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ನಿನ್ನ ನಿದ್ದೆ ಮಾಡಿಸೋವಾಗ ಆನೆ ಹತ್ತಿಸ್ತಿದ್ದೆ, ನೆನಪಿದೆಯಾ? ಹೂಂ ಅಂದ್ರೆ ಮಗು ಮಲಗ್ತು ಅಂತ ಅರ್ಥ. ಎದ್ದಿದ್ರೆ ನೀನು ಜಗಳಕ್ಕೆ ಬರ್ತಿದ್ದೆ. ಇವರೆಲ್ಲ ಮಲಗಿದಾರೆ ಕಣೇ. ನೀನೂ ಮಲಗಿದ್ದೆ, ಕಣ್ಣು ತೆರೆದುಕೊಂಡು."

ಸುರಭಿಯ ಕಿವಿ ಬಿಸಿಯಾಯಿತು. ಅವಳು ಸೀನುವಿನ ಕಡೆ ತಿರುಗಿದಳು. ಅವನು ಚಕ್ಕುಲಿ ಡಬ್ಬದೊಳಗೆ ಏನೋ ಹುಡುಕುತ್ತಿದ್ದ.

"ನೀನೇ ತಾನೆ?"

"ತಾನಾಗೇ ಹೂಂ ಅನ್ನೋ ಒಂದು ಪುಟಾಣಿ ಪ್ರೋಗ್ರಾಂ ಅಷ್ಟೇ ಮಗಾ. ಅಜ್ಜಿ ಕಥೆ ಅಟ್ಟಕ್ಕೆ ಹೋಗ್ಬಾರ್ದಲ್ಲ ಅಂತ..." ಅವನ ದನಿ ಸಣ್ಣಗಾಯಿತು. "ನಂಗೂ ಆ ಹುಡುಗಿ ಏನ್ಮಾಡಿದ್ಲು ಅಂತ ಗೊತ್ತಾಗ್ಬೇಕಿತ್ತು."

"ಕೊಯ್ದ ಬೆಳೆಯಲ್ಲಿ ಜೊಳ್ಳೇ ತುಂಬಿದೆ. ತೂರಿ ನೋಡ್ರೋ, ಕಾಳು ಸಿಕ್ಕತ್ತೇನೋ," ಅಂದರು ಅಜ್ಜಿ.

ಸೀನು ತನ್ನ ಹೂಂಗಳನ್ನೆಲ್ಲ ಅಳಿಸಿದ. ಸಂಖ್ಯೆ ಸರ್ರನೆ ಇಳಿಯುವುದನ್ನು ಸುರಭಿ ನೋಡಲಾರದೆ ಕಣ್ಣು ಮುಚ್ಚಿದಳು. ತೆರೆದಾಗ ಕೈಬೆರಳಲ್ಲಿ ಎಣಿಸುವಷ್ಟು ಉಳಿದಿದ್ದವು. ಇಷ್ಟೇನಾ ಅಂದುಕೊಳ್ಳುತ್ತ ಆನೆಯ ಜಾಗ ಮತ್ತೆ ಹಾಕಿದಳು.

"ಊಹೂಂ," ಅಂತು ಒಂದು ಹೆಂಗಸಿನ ದನಿ, ಹಿಂದೆ ಕುಕ್ಕರಿನ ಸೀಟಿ. "ಆನೆ ಮರ ಹತ್ತಲ್ಲ ಅಜ್ಜಿ. ಅದು ಹತ್ತಿದ್ರೆ ಮರ ಉಳಿಯತ್ತಾ?" ಅಂತು ಒಂದು ಮಗು, ಭಾರೀ ಸಿಟ್ಟಿನಲ್ಲಿ. ಬಸ್ಸಿನ ಗದ್ದಲದ ನಡುವೆ ಯಾರೋ ಗಂಡಸು ನಗುತ್ತಿದ್ದ: "ಅಯ್ಯೋ, ನಮ್ಮಜ್ಜಿ ಎಮ್ಮೆ ಹತ್ತಿಸೋರು, ಅದೂ ಹುಣಸೆ ಮರಕ್ಕೆ." ದೇವರಾಜ್ ಗಂಭೀರವಾಗಿ, ತೆಂಗು ಅಷ್ಟು ಭಾರ ತಡೆಯುವುದಿಲ್ಲ, ಬೇಕಾದರೆ ಆಲದ ಮರ ಕೊಡಬಹುದು ಅಂದಿದ್ದರು. ಕೊನೆಗೆ ಲಕ್ಷ್ಮಮ್ಮ: "ಸತ್ಯಭಾಮಮ್ಮೋರೆ, ಆನೆ ಎಲ್ಲಾನ ತೆಂಗಿನ್ ಮರ ಹತ್ತೈತಾ? ಯಾರ್ ಕಿವಿಗ್ ಹೂ ಇಡ್ತೀರಾ? ಬುಡಿ, ಆ ಹುಡ್ಗಿ ಕತೆ ಹೇಳಿ."

ಅಜ್ಜಿ ಅದನ್ನು ಎರಡು ಸಲ ಹಾಕಿಸಿಕೊಂಡು ಕೇಳಿದರು. ಆಮೇಲೆ ಕಾಲು ಮಡಚಿ, ಸೆರಗು ಸರಿಮಾಡಿಕೊಂಡು, ಜಗಲಿಯ ತುಂಬ ಜನ ಕೂತಿದ್ದಾರೇನೋ ಎಂಬಂತೆ ಸುತ್ತ ನೋಡಿದರು.

ಸುರಭಿ ಫೋನನ್ನು ಅಜ್ಜಿಯ ಮುಂದಿಟ್ಟು ರೆಕಾರ್ಡಿಂಗ್ ಶುರುಮಾಡಿದಳು. ಸಂಖ್ಯೆ ಕಾಣುವ ಲ್ಯಾಪ್‌ಟಾಪನ್ನು ಮುಚ್ಚಿದಳು.

"ಸರಿ, ಆನೆ ಹತ್ತಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಡ್ತು. ಹುಡುಗಿ ನೆಲಮಾಳಿಗೆಗೆ ಇಳಿದಳು. ಹಂಡೆಗಳನ್ನ ಮುಟ್ಟಲಿಲ್ಲ. ಮೂಲೆಯಲ್ಲಿದ್ದ ಎಲ್ಲಕ್ಕಿಂತ ಪುಟ್ಟ ಗಿಂಡಿ, ತೊಟ್ಟಿಲ ಗಾಳಿದು, ಅದರ ಮುಚ್ಚಳಕ್ಕೆ ಕೈ ಹಾಕಿದಳು..."

ಅಜ್ಜಿ ಉಸಿರು ತೆಗೆದುಕೊಂಡರು. ಸುರಭಿ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನ ಕಿಟಕಿಯಿಂದ ಬಂತು, ಗಟ್ಟಿಯಾಗಿ:

"ಹೂಂ!"